ಬೆಟ್ಟದಿಂದ ಕಡಲಿಗೆ: ನಾರ್ವೆಯ ನೂಮೆದಾಲ್ ಕಣಿವೆಯಲ್ಲಿ ಆರು ದಿನದ ಸೈಕಲ್ ಪ್ರಯಾಣಕ್ಕೆ ತಯಾರಿ

ನಾರ್ವೆಯಲ್ಲಿ ಸೈಕಲ್ ತುಳಿಯಬೇಕು ಅಂದುಕೊಂಡವರ ಕಣ್ಣು ಮೊದಲು ಹೋಗುವುದು ಪಶ್ಚಿಮದ ಫ್ಯೋರ್ಡ್‌ಗಳ, ಅಂದರೆ ಕಡಿದಾದ ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಕಣಿವೆಗಳ ಕಡೆಗೆ. ಅಲ್ಲಿನ ಚೆಲುವಿನ ಬಗ್ಗೆ ಎರಡು ಮಾತಿಲ್ಲ. ಆದರೆ ಏರು ಕಡಿದು, ಮಳೆ ಹೆಚ್ಚು, ಸುರಂಗಗಳೂ ಹೆಚ್ಚು. ಎಷ್ಟೋ ಸುರಂಗಗಳಲ್ಲಿ ಸೈಕಲ್ಲಿಗೆ ಪ್ರವೇಶವೇ ಇಲ್ಲ. ಮೊದಲ ಸಲ ಹೋಗುವವರಿಗೆ, ಅದರಲ್ಲೂ ಸಾಮಾನು ಹೇರಿಕೊಂಡು ದೂರ ತುಳಿದು ಅಭ್ಯಾಸವಿಲ್ಲದವರಿಗೆ, ನಾನು ಹೇಳುವ ಹೆಸರು ನೂಮೆದಾಲ್.

ಇದು ದಕ್ಷಿಣ ನಾರ್ವೆಯ ಉದ್ದನೆಯ ಕಣಿವೆ. ಹರ್ದಂಗರ್‌ವಿದ್ದಾ ಎಂಬ ಬೋಳು ಪ್ರಸ್ಥಭೂಮಿಯಲ್ಲಿ ಹುಟ್ಟುವ ನೂಮೆದಾಲ್ಸ್‌ಲೋಗೆನ್ ಹೊಳೆ 350 ಕಿಲೋಮೀಟರಿಗೂ ಹೆಚ್ಚು ಹರಿದು ಲಾರ್ವಿಕ್ ಪಟ್ಟಣದ ಹತ್ತಿರ ಕಡಲು ಸೇರುತ್ತದೆ. ಊರವರು ಅದನ್ನು ಬರೀ ಲೋಗೆನ್ ಅನ್ನುತ್ತಾರೆ. ನಾನು ಮತ್ತು ನನ್ನ ತಮ್ಮ ಒಂದು ಜುಲೈನಲ್ಲಿ ಈ ಹೊಳೆಯ ಜೊತೆ ಇಳಿದೆವು. ಆ ಪ್ರಯಾಣದಲ್ಲಿ ಸರಿಹೋದದ್ದು, ಎಡವಿದ್ದು ಎರಡನ್ನೂ ಇಟ್ಟುಕೊಂಡು ಈ ತಯಾರಿಯ ಕ್ರಮ ಬರೆಯುತ್ತಿದ್ದೇನೆ.

ಮೊದಲು ದಿಕ್ಕು ಗೊತ್ತುಮಾಡಿ

ಎಲ್ಲಕ್ಕಿಂತ ದೊಡ್ಡ ನಿರ್ಧಾರ ಇದೇ. ಕಡಲಿನಿಂದ ಬೆಟ್ಟಕ್ಕೆ ಹತ್ತುವವರೂ ಇದ್ದಾರೆ. ನೀವು ಹಾಗೆ ಮಾಡಬೇಡಿ. ಓಸ್ಲೊದಿಂದ ಬರ್ಗೆನ್‌ಗೆ ಹೋಗುವ ರೈಲು ಸುಮಾರು ಮೂರೂವರೆ ಗಂಟೆಯಲ್ಲಿ ನಿಮ್ಮನ್ನೂ ಸೈಕಲ್ಲನ್ನೂ 794 ಮೀಟರ್ ಎತ್ತರದ ಗೈಲೊ ನಿಲ್ದಾಣಕ್ಕೆ ತಂದು ಇಳಿಸುತ್ತದೆ. (ಅಲ್ಲಿಯವರು ಹೇಳುವುದು ‘ಯೈಲೊ’ ಎಂದು. ನಿಲ್ದಾಣದ ಹೆಸರು ಕೂಗುವಾಗ ಕಿವಿಗೊಟ್ಟಿರಿ.) ಅಲ್ಲಿಂದ ಹೊರಟರೆ ಮೊದಲ ದಿನ ಒಂದು ದೊಡ್ಡ ಏರು, ಆಮೇಲೆ ನೀರು ಹೋದ ದಾರಿಯೇ ನಿಮ್ಮ ದಾರಿ. ಕಣಿವೆ ಅಂದಮೇಲೆ ಸಣ್ಣಪುಟ್ಟ ಉಬ್ಬುತಗ್ಗು ಇದ್ದೇ ಇರುತ್ತದೆ, ಆದರೂ ಒಟ್ಟು ಲೆಕ್ಕದಲ್ಲಿ ಇಳಿತವೇ ಹೆಚ್ಚು. ಕೊನೆಯಲ್ಲಿ ಲಾರ್ವಿಕ್‌ನಿಂದ ಓಸ್ಲೊಗೆ ಎರಡು ಗಂಟೆ ಆಸುಪಾಸಿನ ರೈಲು ಇದೆ. ನಡುವೆ ಕೊಂಗ್ಸ್‌ಬರ್ಗ್‌ನಲ್ಲೂ ರೈಲು ಸಿಗುತ್ತದೆ. ಕಾಲು ನೋವೋ, ಮಳೆಯೋ, ಯಾವುದೇ ಕಾರಣಕ್ಕೆ ಅರ್ಧಕ್ಕೇ ನಿಲ್ಲಿಸಬೇಕಾದರೂ ಚಿಂತೆಯಿಲ್ಲ.

ಮುಖ್ಯ ರಸ್ತೆಯ ನಂಬರ್ 40. ಗೈಲೊದಿಂದ ಲಾರ್ವಿಕ್‌ವರೆಗೆ ಅದೇ ಹೋಗುತ್ತದೆ, ಸುಮಾರು 250 ಕಿಲೋಮೀಟರ್. ಹಾಗಂತ ಪೂರ್ತಿ ಅದರಲ್ಲೇ ತುಳಿಯಬೇಕಾಗಿಲ್ಲ. ಅನೇಕ ಕಡೆ ಹೊಳೆಯ ಆಚೆ ದಡದಲ್ಲಿ ಹಳೆಯ ಸಣ್ಣ ರಸ್ತೆ ಇದೆ. ತೋಟದ ಮನೆಗಳ ಅಂಗಳ ಸವರಿಕೊಂಡು ಹೋಗುವ, ಗಂಟೆಗೆ ನಾಲ್ಕೈದು ಕಾರು ಬಂದರೆ ಹೆಚ್ಚು ಅನ್ನುವಂಥ ರಸ್ತೆ. ಸೈಕಲ್ ದಾರಿಯ ಗುರುತುಫಲಕಗಳೂ ನಿಮ್ಮನ್ನು ಆ ಕಡೆಗೇ ಎಳೆಯುತ್ತವೆ. ಹಾಗೆ ಸುತ್ತಿಕೊಂಡು ಹೋದರೆ ಕಿಲೋಮೀಟರ್ ಬೆಳೆಯುತ್ತದೆ, ಬೆಳೆಯಲಿ ಬಿಡಿ.

ಯಾವಾಗ, ಯಾವ ವಾರದಂದು

ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ಮೇಲಿನ ಘಟ್ಟದಲ್ಲಿ ಇನ್ನೂ ಹಿಮ ಇರಬಹುದು. ಸೆಪ್ಟೆಂಬರಿನಲ್ಲಿ ಬಣ್ಣ ಚೆಂದ, ಆದರೆ ಹಳೆಯ ಚರ್ಚುಗಳ ಬಾಗಿಲು ಹಾಕಿಬಿಟ್ಟಿರುತ್ತಾರೆ, ಕ್ಯಾಂಪಿಂಗ್ ಜಾಗಗಳೂ ಒಂದೊಂದಾಗಿ ಮುಚ್ಚುತ್ತವೆ. ಜೂನ್ ಕೊನೆ, ಜುಲೈ ಮೊದಲ ವಾರಗಳಲ್ಲಿ ರಾತ್ರಿ ಹತ್ತೂವರೆಗೂ ಬೆಳಕಿರುತ್ತದೆ. ಇದು ಎಂಥ ಅನುಕೂಲ ಅನ್ನುವುದು ಅಲ್ಲಿ ಹೋದಮೇಲೇ ತಿಳಿಯುವುದು. ಮಧ್ಯಾಹ್ನ ಮೂರು ಗಂಟೆ ಮಳೆ ಸುರಿದರೂ ಗಾಬರಿಯಿಲ್ಲ, ನಿಂತಮೇಲೆ ಹೊರಟರೆ ಆಯಿತು.

ತಿಂಗಳಿಗಿಂತ ವಾರದ ಲೆಕ್ಕವನ್ನು ಜನ ಮರೆಯುತ್ತಾರೆ. ನಾರ್ವೆಯ ಪಟ್ಟಣದವರಲ್ಲಿ ಬಹಳ ಮಂದಿಗೆ ಬೆಟ್ಟದ ಮೇಲೆ ಒಂದು ‘ಹಿತ್ತೆ’, ಅಂದರೆ ರಜೆಯ ಮರದ ಮನೆ ಇರುತ್ತದೆ. ಶುಕ್ರವಾರ ಸಂಜೆ ಅವರೆಲ್ಲ ಕಣಿವೆ ಹತ್ತುತ್ತಾರೆ, ಭಾನುವಾರ ಮಧ್ಯಾಹ್ನ ಇಳಿಯುತ್ತಾರೆ. ಆ ಹೊತ್ತಿನಲ್ಲಿ ಮೇಲಿನ ರಸ್ತೆಯಲ್ಲಿ ಸೈಕಲ್ ಬೇಡ. ಜೊತೆಗೆ ಭಾನುವಾರ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಆದ್ದರಿಂದ ಶನಿವಾರ ಓಸ್ಲೊದಲ್ಲಿ ಸಾಮಾನು ಕೊಂಡು, ಭಾನುವಾರ ರೈಲಿನಲ್ಲಿ ಗೈಲೊ ಸೇರಿ, ಸೋಮವಾರ ಬೆಳಿಗ್ಗೆ ತುಳಿಯಲು ಶುರುಮಾಡುವುದು ನನ್ನ ಲೆಕ್ಕ. ಮುಂದಿನ ಶನಿವಾರ ಲಾರ್ವಿಕ್.

ವೀಸಾ, ವಿಮಾನ, ರೈಲು

ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಆದರೆ ಒಂದೇ ವೀಸಾದಲ್ಲಿ ಹಲವು ದೇಶ ಸುತ್ತಬಹುದಾದ ಯುರೋಪಿನ ಷೆಂಗೆನ್ ವಲಯದಲ್ಲಿ ಇದೆ. ಭಾರತದ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣದ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮೊದಲು ಹಾಕಿರಲೇಬೇಕು. ಬೇಸಿಗೆಯಲ್ಲಿ ಅರ್ಜಿಗಳ ನೂಕುನುಗ್ಗಲು ಇರುವುದರಿಂದ ಮಾರ್ಚಿನಲ್ಲೇ ಮುಗಿಸಿಕೊಳ್ಳಿ. 30,000 ಯೂರೊಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಕೊಳ್ಳುವಾಗ ಅದರಲ್ಲಿ ಸೈಕಲ್ ಪ್ರವಾಸ ಸೇರಿದೆಯೋ ಇಲ್ಲವೋ ಓದಿ ನೋಡಿ. ಉಳಿಯುವ ಜಾಗಗಳ ಪಟ್ಟಿ ಕೇಳುತ್ತಾರೆ, ಹಾಗಾಗಿ ಡೇರೆಯಲ್ಲಿ ಮಲಗುವ ಆಸೆ ಇದ್ದರೂ ಕೆಲವು ರಾತ್ರಿಗಳಿಗಾದರೂ ಕೋಣೆ ಕಾದಿರಿಸಿ.

ಸ್ವಂತ ಸೈಕಲ್ ಒಯ್ಯುವವರು ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಟಯರಿನ ಗಾಳಿ ತಗ್ಗಿಸಿ ರಟ್ಟಿನ ಪೆಟ್ಟಿಗೆಗೆ ಹಾಕಬೇಕು. ಯಾವ ಸೈಕಲ್ ಅಂಗಡಿಯಲ್ಲಿ ಕೇಳಿದರೂ ಖಾಲಿ ಪೆಟ್ಟಿಗೆ ಸಿಗುತ್ತದೆ. ವಿಮಾನ ಕಂಪನಿಗೆ ಮೊದಲೇ ತಿಳಿಸಿ ಜಾಗ ಗೊತ್ತುಮಾಡಿಕೊಳ್ಳಿ. ಬ್ಯಾಟರಿ ಸೈಕಲ್ ಒಯ್ಯುವ ಯೋಚನೆ ಬಿಡಿ, ಅಷ್ಟು ದೊಡ್ಡ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಬಿಡುವುದಿಲ್ಲ. ಗೈಲೊದಲ್ಲಿ ಬಾಡಿಗೆಗೆ ಸೈಕಲ್ ಸಿಗುತ್ತದೆ, ಆದರೆ ಬಾಡಿಗೆಯವರು ಸಾಮಾನ್ಯವಾಗಿ ಅಲ್ಲಿಗೇ ತಂದು ಒಪ್ಪಿಸಲು ಹೇಳುತ್ತಾರೆ. ಲಾರ್ವಿಕ್‌ನಲ್ಲಿ ಬಿಟ್ಟುಹೋಗುವ ಮಾತನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ಇನ್ನು ರೈಲು. ಇಲ್ಲಿ ನಾವು ಒಂದು ದಿನ ಕಳೆದುಕೊಂಡೆವು. ಇಬ್ಬರಿಗೂ ಸೀಟು ಕಾದಿರಿಸಿದ್ದೆ, ಸೈಕಲ್ಲಿಗೆ ಬೇರೆ ಟಿಕೆಟ್ ಬೇಕೆಂದು ಗಮನಿಸಿರಲಿಲ್ಲ. ಪ್ಲಾಟ್‌ಫಾರಂ ಮೇಲೆ ಕಂಡಕ್ಟರ್ ಮೊಬೈಲ್ ನೋಡಿ, ಬಹಳ ಮೆದುವಾಗಿ, ಸೈಕಲ್ ಜಾಗಗಳೆಲ್ಲ ತುಂಬಿವೆ ಅಂದರು. ರೈಲು ಹೊರಟಿತು, ನಾವು ನಿಂತೆವು. ಓಸ್ಲೊ–ಬರ್ಗೆನ್ ರೈಲಿನಲ್ಲಿ ಸೈಕಲ್ಲಿಗೆ ಕೆಲವೇ ಜಾಗ. ಬೇಸಿಗೆಯಲ್ಲಿ ಅವು ವಾರಗಳ ಮೊದಲೇ ಮುಗಿದುಹೋಗುತ್ತವೆ. ಮೊದಲು ಸೈಕಲ್ ಜಾಗ ಇರುವ ರೈಲು ಹುಡುಕಿ, ಅದಕ್ಕೆ ತಕ್ಕಂತೆ ದಿನ ಗೊತ್ತುಮಾಡಿ, ಆಮೇಲೆ ಕೋಣೆ ಕಾದಿರಿಸಿ. ಎನ್‌ಟುರ್ ಎಂಬ ಆ್ಯಪಿನಲ್ಲಿ ಇಡೀ ದೇಶದ ಬಸ್ಸು, ರೈಲಿನ ವೇಳೆ ಸಿಗುತ್ತದೆ.

ಸೈಕಲ್ಲು, ಬಟ್ಟೆಬರೆ

ದುಬಾರಿ ಸೈಕಲ್ ಬೇಕಿಲ್ಲ. ಗೇರ್ ಇರುವ, ಕ್ಯಾರಿಯರ್ ಹಾಕಬಹುದಾದ, ಸ್ವಲ್ಪ ಅಗಲ ಟಯರಿನ ಯಾವ ಸೈಕಲ್ಲಾದರೂ ಆಗುತ್ತದೆ. ಒಳರಸ್ತೆಗಳಲ್ಲಿ ಜಲ್ಲಿ ಸಿಗುತ್ತದೆ, ತೀರಾ ತೆಳು ಟಯರ್ ಕಷ್ಟ. ಹೊಸ ಬ್ರೇಕ್ ಪ್ಯಾಡ್ ಹಾಕಿಸಿಕೊಂಡು ಹೋಗಿ, ಇನ್ನೊಂದು ಜೊತೆ ಚೀಲದಲ್ಲಿರಲಿ. ಎರಡು ಟ್ಯೂಬ್, ಪಂಕ್ಚರ್ ಸಾಮಾನು, ಪಂಪು, ಚೈನಿನ ಒಂದೆರಡು ಕೊಂಡಿ, ಅಲೆನ್ ಕೀ. ಗೈಲೊ ಬಿಟ್ಟರೆ ಕೊಂಗ್ಸ್‌ಬರ್ಗ್‌ವರೆಗೆ ರಿಪೇರಿ ಅಂಗಡಿಯನ್ನು ನಂಬಿಕೊಳ್ಳಬೇಡಿ. ಹೆಲ್ಮೆಟ್ ಅಲ್ಲಿ ಕಾನೂನಿನ ಕಡ್ಡಾಯವಲ್ಲ, ಆದರೆ ಹಾಕಿಕೊಳ್ಳದೆ ಇಳಿಯಬೇಡಿ.

ಬಟ್ಟೆಯ ವಿಷಯದಲ್ಲಿ ನಮ್ಮ ಬಯಲುಸೀಮೆಯ ಬುದ್ಧಿ ಮೋಸ ಮಾಡುತ್ತದೆ. ಜುಲೈ ಬೇಸಿಗೆ ಎಂದುಕೊಂಡು ನಾನು ಕೈಗವಸು ತಂದಿರಲಿಲ್ಲ. ಘಟ್ಟದ ತಲೆಯಲ್ಲಿ ನಿಂತಾಗ ತಮ್ಮ, “ಅಕ್ಕಾ, ಬೆವರು ಆರೋ ಮುಂಚೆ ಜಾಕೆಟ್ ಹಾಕ್ಕೋ, ಇಳಿಯುವಾಗ ನಡುಗ್ತೀಯ” ಅಂದ. ಜಾಕೆಟ್ ಹಾಕಿಕೊಂಡೆ, ಕೈ ಮಾತ್ರ ಬರಿದು. ಇಳಿಜಾರಿನ ಗಾಳಿಗೆ ಬೆರಳು ಮರಗಟ್ಟಿ, ಬ್ರೇಕ್ ಒತ್ತುತ್ತಿದ್ದೇನೋ ಇಲ್ಲವೋ ಅನ್ನುವುದೇ ತಿಳಿಯದಂತಾಯಿತು. ಎರಡು ತಿರುವು ದಾಟಿ ನಿಲ್ಲಿಸಿ, ಕಾಲುಚೀಲವನ್ನೇ ಕೈಗೆ ಹಾಕಿಕೊಂಡು ಇಳಿದೆ. ಪೂರ್ತಿ ಬೆರಳಿನ ಕೈಗವಸು, ಮಳೆಕೋಟು, ಮಳೆಪ್ಯಾಂಟು, ಒಂದು ಉಣ್ಣೆಯ ಒಳಅಂಗಿ, ಇವಿಷ್ಟು ಇಲ್ಲದೆ ಗೈಲೊದಿಂದ ಹೊರಡಬೇಡಿ. ಕೆಳಗೆ 25 ಡಿಗ್ರಿ ಬಿಸಿಲಿದ್ದ ವಾರದಲ್ಲೇ ಮೇಲೆ ಒಂದಂಕಿಗೆ ಇಳಿಯಬಹುದು. ಹವಾಮಾನಕ್ಕೆ ನಾರ್ವೆಯವರೆಲ್ಲ ನೋಡುವುದು ‘ಈರ್’ ಎಂಬ ಆ್ಯಪು. ಗಂಟೆಗಂಟೆಯ ಮಳೆ, ಗಾಳಿ ಎರಡನ್ನೂ ತೋರಿಸುತ್ತದೆ.

ಊಟ

ನಾರ್ವೆ ದುಬಾರಿ, ಹೋಟೆಲಿನ ಊಟ ಇನ್ನೂ ದುಬಾರಿ. ಬೇಯಿಸಿಕೊಂಡು ತಿನ್ನುವುದಾಗಿ ತೀರ್ಮಾನಿಸಿ. ಸಣ್ಣ ಗ್ಯಾಸ್ ಒಲೆ ತರಬಹುದು, ಗ್ಯಾಸಿನ ಡಬ್ಬಿಯನ್ನು ವಿಮಾನದಲ್ಲಿ ತರುವಂತಿಲ್ಲ. ಅದನ್ನು ಓಸ್ಲೊದಲ್ಲೇ ಕೊಳ್ಳಿ. ಊರಿನಿಂದ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತನ್ನಿ. ತುಪ್ಪ, ಹಾಲಿನ ಪುಡಿ, ಪೇಡೆ ಮಾತ್ರ ಬೇಡ. ಯುರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ನಿಷೇಧವಿದೆ. ಅಮ್ಮ ಕಟ್ಟಿಕೊಟ್ಟ ತುಪ್ಪದ ಡಬ್ಬಿ ವಿಮಾನ ನಿಲ್ದಾಣದಲ್ಲಿ ಕಸದ ಬುಟ್ಟಿ ಸೇರುವುದನ್ನು ನೋಡುವ ನೋವು ಯಾರಿಗೂ ಬೇಡ.

ಅಲ್ಲಿನ ಅಂಗಡಿಗಳಲ್ಲಿ ಓಟ್ಸ್, ಕೆಂಪು ಬೇಳೆ, ಗಟ್ಟಿ ಬ್ರೆಡ್ಡು, ಆಲೂಗಡ್ಡೆಯ ‘ಲೆಫ್ಸೆ’ ಸಿಗುತ್ತವೆ. ಲೆಫ್ಸೆ ನೋಡಲು ನಮ್ಮ ಮೆತ್ತನೆಯ ಚಪಾತಿಯಂತೆಯೇ, ಚಟ್ನಿಪುಡಿ ಉದುರಿಸಿ ಸುರುಳಿ ಸುತ್ತಿದರೆ ದಾರಿಬುತ್ತಿ ಸಿದ್ಧ. ಹಾಲೊಡಕನ್ನು ಗಂಟೆಗಟ್ಟಲೆ ಕುದಿಸಿ ಮಾಡುವ ಕಂದು ಬಣ್ಣದ ‘ಬ್ರೂನೋಸ್ಟ್’ ಚೀಸು ಖೋವದ ಹಾಗೆ ಸಿಹಿ. ನಾಲ್ಕು ಹೋಳು ತಿಂದರೆ ಒಂದು ಏರು ಹತ್ತಬಹುದು. ನಲ್ಲಿಯ ನೀರು ಎಲ್ಲ ಕಡೆಯೂ ಕುಡಿಯಲು ಯೋಗ್ಯ.

ದಿನದಿನದ ಲೆಕ್ಕ

ದಿನಕ್ಕೆ 50, ಹೆಚ್ಚೆಂದರೆ 65 ಕಿಲೋಮೀಟರ್. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೋಗಿ ಬರುವವರು ಇದು ಕಡಿಮೆಯಾಯಿತು ಅನ್ನಬಹುದು. ಆದರೆ ಈ ಕಣಿವೆ ಇರುವುದೇ ಇಳಿದು ನೋಡುವುದಕ್ಕೆ. ದಿನಕ್ಕೆ ನೂರು ಹಾಕಿಕೊಂಡರೆ ಚರ್ಚಿನ ಬಾಗಿಲು ತೆಗೆಯುವ ಹೊತ್ತಿಗೆ ನೀವು ಇನ್ನೊಂದು ಊರಿನಲ್ಲಿರುತ್ತೀರಿ.

ಮೊದಲ ದಿನ ಗೈಲೊದಿಂದ ಉವ್ದಾಲ್, ಸುಮಾರು 55 ಕಿ.ಮೀ. ಊರು ಬಿಡುತ್ತಿದ್ದಂತೆಯೇ ಏರು. ಬೆಳಗಿನ ಕಾಲು ಇನ್ನೂ ಬೆಚ್ಚಗಾಗಿರುವುದಿಲ್ಲ, ನಿಧಾನವಾಗಿ ಹತ್ತಿ. ದಾಗಾಲಿಯಲ್ಲಿ ಮೊದಲ ಸಲ ಲೋಗೆನ್ ಕಾಣುತ್ತದೆ. ಕಲ್ಲಿನ ಮೇಲೆ ಕುಣಿಯುವ, ಬೆಟ್ಟದಾಚೆಯ ತಣ್ಣೀರು. ಅಲ್ಲಿ ಹೊಳೆಗೂ ರಸ್ತೆಗೂ ಅಗಲಿಕೆ. ಹೊಳೆ ಪೋಲ್ಸ್‌ಬು, ತೂನ್‌ಹೋವ್ದ್ ಎಂಬ ದೊಡ್ಡ ಕೆರೆಗಳ ಕಡೆ ಹೋದರೆ ನೀವು ವಾಸ್ತುಲಾನ್ ಘಟ್ಟ ಹತ್ತುತ್ತೀರಿ. ಸುಮಾರು 1,100 ಮೀಟರ್, ಇಡೀ ಪ್ರಯಾಣದ ಅತಿ ಎತ್ತರ ಇದೇ. ಮರಗಳು ಕುಳ್ಳಾಗುತ್ತಾ ಇಲ್ಲವಾಗುತ್ತವೆ, ಕುರಿಗಳ ಕೊರಳಗಂಟೆ ಮಾತ್ರ ಕೇಳುತ್ತದೆ. ಕುರಿಗಳು ರಸ್ತೆಯಲ್ಲೇ ಮಲಗಿರುತ್ತವೆ, ತಿರುವಿನಲ್ಲಿ ಜೋಪಾನ. ಆಚೆ ಬದಿಗೆ 500 ಮೀಟರಿಗೂ ಹೆಚ್ಚು ಇಳಿತ. ಒಂದೇ ಸಮ ಬ್ರೇಕ್ ಹಿಡಿಯದೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಳಿಯಿರಿ. ನಡುವೆ ಎರಡು ಮೂರು ಸಲ ನಿಂತು ರಿಮ್ಮು, ಡಿಸ್ಕು ತಣಿಯಲು ಬಿಡಿ.

ಉವ್ದಾಲ್‌ನ ಮರದ ಚರ್ಚು ಕಣಿವೆಯ ಮೇಲಿನ ಇಳುಕಲಿನಲ್ಲಿ ನಿಂತಿದೆ. ಮರದ ಕಂಬಗಳ ಚೌಕಟ್ಟಿನ ಮೇಲೆ ಕಟ್ಟಿದ ಇಂಥವಕ್ಕೆ ಸ್ಟಾವ್ ಚರ್ಚು ಅನ್ನುತ್ತಾರೆ. ನಾರ್ವೆಯಲ್ಲಿ ಮಧ್ಯಯುಗದ ಸ್ಟಾವ್ ಚರ್ಚುಗಳು ಉಳಿದಿರುವುದು 28. ಅದರಲ್ಲಿ ನಾಲ್ಕು ನಿಮ್ಮ ದಾರಿಯಲ್ಲೇ ಇವೆ: ಉವ್ದಾಲ್, ನೂರೆ, ರೊಲ್ಲಾಗ್, ಫ್ಲೆಸ್‌ಬರ್ಗ್. ಎಲ್ಲವೂ 12ನೇ ಶತಮಾನದ ಮೂಲದವು, ಆಮೇಲಿನವರು ಹಿಗ್ಗಿಸುತ್ತಾ ಬಂದಿದ್ದಾರೆ. ಬಿಸಿಲಿಗೆ ಗೋಡೆಯಿಂದ ಟಾರಿನ ವಾಸನೆ ಏಳುತ್ತದೆ. ಪೈನ್ ಮರದ ಟಾರು, ಹೊಸ ದೋಣಿಯ ಹತ್ತಿರ ನಿಂತ ಹಾಗೆ. ಕತ್ತಲ ಬಾಗಿಲು ಬಗ್ಗಿ ದಾಟಿ ಒಳಗೆ ಹೋದರೆ ಗೋಡೆ, ಮಾಡು, ಕಂಬ, ಒಂದು ಗೇಣೂ ಬಿಡದೆ ಬಳ್ಳಿ ಹೂವಿನ ಬಣ್ಣ. ಹೊರಗಿನ ಕಪ್ಪು ನೋಡಿ ಒಳಗಿನ ಈ ಕೆಂಪು, ನೀಲಿಯನ್ನು ಊಹಿಸಲು ಸಾಧ್ಯವೇ ಇಲ್ಲ. ನನಗೆ ಇಡೀ ಪ್ರಯಾಣದಲ್ಲಿ ಕಣ್ಣು ತುಂಬಿದ್ದು ಅಲ್ಲೇ. ಒಳಗೆ ಬಿಡುವುದು ಬೇಸಿಗೆಯ ಕೆಲವೇ ವಾರ, ಹಗಲಿನ ಕೆಲವೇ ಗಂಟೆ. ನಾಲ್ಕೂ ಚರ್ಚಿನ ಆ ವರ್ಷದ ವೇಳೆ ನೋಡಿ ಬರೆದಿಟ್ಟುಕೊಂಡು, ಆಮೇಲೆ ದಿನದ ಲೆಕ್ಕ ಹಾಕಿ.

ಎರಡನೆಯ ದಿನ ಉವ್ದಾಲ್‌ನಿಂದ ವೆಗ್ಲಿ, ಸುಮಾರು 50 ಕಿ.ಮೀ. ರೋಡ್‌ಬರ್ಗ್‌ನಲ್ಲಿ ಲೋಗೆನ್ ಮತ್ತೆ ಜೊತೆಯಾಗುತ್ತದೆ, ಅದೂ ಬೆಟ್ಟದ ಮೈಮೇಲೆ ಇಳಿಬಿಟ್ಟ ಕೊಳವೆಗಳಲ್ಲಿ. 1928ರಲ್ಲಿ ಶುರುವಾದ ನೂರೆ ಜಲವಿದ್ಯುತ್ ಕೇಂದ್ರ ಇಲ್ಲಿದೆ. ಜೋಗ, ಶರಾವತಿಯ ಕೊಳವೆಗಳನ್ನು ಕಂಡವರಿಗೆ ಗುರುತು ಹೇಳಬೇಕಿಲ್ಲ. ಈ ವಿದ್ಯುತ್ ಯೋಜನೆಯ ಕಾಲದಲ್ಲೇ ಕೊಂಗ್ಸ್‌ಬರ್ಗ್‌ನಿಂದ ರೋಡ್‌ಬರ್ಗ್‌ಗೆ 1927ರಲ್ಲಿ ರೈಲು ಬಂತು. ಪ್ರಯಾಣಿಕರ ರೈಲು ನಿಂತಮೇಲೆ ಇಲ್ಲಿಂದ ವೆಗ್ಲಿವರೆಗಿನ 30 ಕಿಲೋಮೀಟರ್ ಹಳಿಯ ಮೇಲೆ ತುಳಿಯುವ ಗಾಡಿ ಬಾಡಿಗೆಗೆ ಕೊಡುತ್ತಾರೆ. ಮಕ್ಕಳಿದ್ದರೆ ಇದಕ್ಕಾಗಿಯೇ ಒಂದು ದಿನ ಹೆಚ್ಚಿಗೆ ಇಡಿ.

ರೋಡ್‌ಬರ್ಗ್‌ನಿಂದ ಕೆಳಗೆ ಹಳೆಯ ಮರದ ಕಟ್ಟಡಗಳ ಮೇಲೆ ಕಣ್ಣಿಡಿ. ದಪ್ಪ ದಿಮ್ಮಿಯ ಕಣಜಗಳು, ನೆಲದಿಂದ ಮೇಲಕ್ಕೆ ಕಂಬದ ಮೇಲೆ ಕೂತಿವೆ. ಇಲಿ ಹತ್ತಬಾರದೆಂದು ಮಾಡಿದ ಉಪಾಯ, ನಮ್ಮ ಮಲೆನಾಡಿನ ಪಣತ ನೆನಪಿಗೆ ಬಂತು. ಎಷ್ಟೋ ಕಣಜಗಳು ಮಧ್ಯಯುಗದವು, ಇನ್ನೂ ಮನೆಯವರ ಅಂಗಳದಲ್ಲೇ ಇವೆ. ಅಂಗಳಕ್ಕೆ ಕಾಲಿಡುವ ಮೊದಲು ಕೇಳಿ.

ಮೂರನೆಯ ದಿನ ವೆಗ್ಲಿಯಿಂದ ರೊಲ್ಲಾಗ್, ಫ್ಲೆಸ್‌ಬರ್ಗ್ ಹಾದು ಕೊಂಗ್ಸ್‌ಬರ್ಗ್, ಸುಮಾರು 60 ಕಿ.ಮೀ. ಆಚೆ ದಡದ ರಸ್ತೆ ಇಲ್ಲಿ ಬಹಳ ಹಿತ. ಒಳರಸ್ತೆಗಳಲ್ಲಿ ದನಕುರಿ ದಾಟದಂತೆ ಅಡ್ಡಲಾಗಿ ಕಬ್ಬಿಣದ ಸರಳು ಹಾಕಿರುತ್ತಾರೆ. ನೇರವಾಗಿ, ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ದಾಟಿ. ಮಳೆಯಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಸರಿ.

ನಾಲ್ಕನೆಯ ದಿನ ಕೊಂಗ್ಸ್‌ಬರ್ಗ್‌ನಲ್ಲಿ ನಿಲ್ಲಿ. 1623ರಲ್ಲಿ ಇಲ್ಲಿ ಬೆಳ್ಳಿ ಸಿಕ್ಕಿತು, ಮರುವರ್ಷ ಊರು ಹುಟ್ಟಿತು, 1958ರವರೆಗೆ ಗಣಿ ನಡೆಯಿತು. ಊರ ಹೊರಗಿನ ಸಾಗ್ರೆಂದದಿಂದ ಸಣ್ಣ ರೈಲು ಬೆಟ್ಟದೊಳಗೆ 2.3 ಕಿಲೋಮೀಟರ್ ಕರೆದೊಯ್ಯುತ್ತದೆ. ಒಳಗೆ ವರ್ಷವಿಡೀ ಆರು ಡಿಗ್ರಿ ಆಸುಪಾಸು, ಜಾಕೆಟ್ ಬೇಕು. 1761ರ ದೊಡ್ಡ ಚರ್ಚಿನಲ್ಲಿ 2,400 ಜನ ಕೂರಬಹುದು ಅಂದರೆ ಬೆಳ್ಳಿಯ ಕಾಲದ ಊರಿನ ಗಾತ್ರ ತಿಳಿಯುತ್ತದೆ. ಜುಲೈ ಮೊದಲ ಭಾಗದಲ್ಲಿ ಜಾಜ್ ಉತ್ಸವ ನಡೆಯುತ್ತದೆ, ಆಗ ಕೋಣೆ ಸಿಗುವುದು ಕಷ್ಟ. ದಿನಾಂಕ ನೋಡಿಕೊಂಡು ಪ್ರಯಾಣ ಇಟ್ಟುಕೊಳ್ಳಿ.

ಐದನೆಯ ದಿನ ವಿಟಿಂಗ್‌ಫಾಸ್ ದಾಟಿ ಸ್ವಾರ್‌ಸ್ಟಾಡ್, ಆರನೆಯ ದಿನ ಲಾರ್ವಿಕ್. ಎರಡೂ 45 ಕಿಲೋಮೀಟರಿನ ಆಸುಪಾಸು. ಇಲ್ಲಿ ಹೊಳೆ ಅಗಲವಾಗಿ, ಸದ್ದಿಲ್ಲದೆ ಗದ್ದೆಗಳ ನಡುವೆ ಹರಿಯುತ್ತದೆ. ದಡದಲ್ಲಿ ಸಾಲ್ಮನ್ ಹಿಡಿಯುವವರು ಸೊಂಟಮಟ್ಟ ನೀರಲ್ಲಿ ನಿಂತಿರುತ್ತಾರೆ.

ರಾತ್ರಿ ಉಳಿಯುವುದು

ದಾರಿಯುದ್ದಕ್ಕೂ ಕ್ಯಾಂಪಿಂಗ್ ಜಾಗಗಳಿವೆ. ಅಲ್ಲಿ ಡೇರೆ ಹಾಕಬಹುದು, ಇಲ್ಲವೇ ಸಣ್ಣ ಮರದ ಗುಡಿಸಲು ಬಾಡಿಗೆಗೆ ಪಡೆಯಬಹುದು. ಹೊದಿಕೆ, ಹಾಸಿಗೆ ಬಟ್ಟೆ ನಿಮ್ಮದೇ ತರಬೇಕಾಗುತ್ತದೆ, ತೆಳು ಮಲಗುಚೀಲ ಇದ್ದರೆ ಖರ್ಚು ಉಳಿಯುತ್ತದೆ. ಒಂದು ರಾತ್ರಿ ಡೇರೆ, ಒಂದು ರಾತ್ರಿ ಗುಡಿಸಲು ಅಂತ ನಾವು ಹೊಂದಿಸಿಕೊಂಡಿದ್ದರಿಂದ ಒದ್ದೆ ಬಟ್ಟೆ ಒಣಗಿಸಲು ದಾರಿಯಾಯಿತು.

ಕಾಡಿನಲ್ಲಿ, ಬೆಟ್ಟದಲ್ಲಿ ಹಣ ಕೊಡದೆ ಡೇರೆ ಹಾಕುವ ಹಕ್ಕು ನಾರ್ವೆಯಲ್ಲಿ ಎಲ್ಲರಿಗೂ ಇದೆ, ಹೊರನಾಡಿನವರಿಗೂ. 1957ರ ಕಾನೂನಿನಲ್ಲೇ ಬರೆದಿದ್ದಾರೆ. ಮನೆಯಿಂದಾಗಲಿ ಹಿತ್ತೆಯಿಂದಾಗಲಿ ಕನಿಷ್ಠ 150 ಮೀಟರ್ ದೂರ ಇರಬೇಕು, ಒಂದೇ ಜಾಗದಲ್ಲಿ ಎರಡು ರಾತ್ರಿಗಿಂತ ಹೆಚ್ಚು ಬೇಡ, ಉಳುವ ಹೊಲ, ಹುಲ್ಲುಗಾವಲಿನಲ್ಲಿ ಕೂಡದು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವುದು ನಿಷಿದ್ಧ. ಈ ಹಕ್ಕು ಉಳಿದಿರುವುದು ಜನ ಅದನ್ನು ಕೆಡಿಸದೆ ಬಳಸಿದ್ದರಿಂದ. ಬೆಳಿಗ್ಗೆ ಎದ್ದು ಹೋದಮೇಲೆ ಅಲ್ಲಿ ಬಾಗಿದ ಹುಲ್ಲು ಬಿಟ್ಟು ಬೇರೇನೂ ಕಾಣಬಾರದು.

ಕಣಿವೆಯ ಕೆಳಭಾಗದಲ್ಲಿ, ಕಡಲಿನ ಹತ್ತಿರ ಬಂದಹಾಗೆ, ಉಣುಗಿನ ಕಾಟ ಹೆಚ್ಚು. ಎತ್ತರದ ಹುಲ್ಲಿನಲ್ಲಿ ಕೂತು ಎದ್ದರೆ ಸಂಜೆ ಮಂಡಿಯ ಹಿಂಭಾಗ, ಸೊಂಟ, ಕಂಕುಳು ನೋಡಿಕೊಳ್ಳಿ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಕೆಲವು ದಿನಗಳಾದಮೇಲೆ ಅಲ್ಲಿ ಕೆಂಪು ಉಂಗುರ ಹರಡಿದರೆ ವೈದ್ಯರಿಗೆ ತೋರಿಸಿ.

ರಸ್ತೆಯ ಮೇಲೆ

ಬಲಬದಿಯಲ್ಲಿ ಹೋಗಬೇಕು. ಇದು ಗೊತ್ತಿದ್ದೂ ತಪ್ಪುವುದು ಎರಡು ಹೊತ್ತಿನಲ್ಲಿ: ಬೆಳಿಗ್ಗೆ ಮೊದಲು ರಸ್ತೆಗಿಳಿಯುವಾಗ, ಮತ್ತು ಫೋಟೊ ತೆಗೆದು ಮತ್ತೆ ಹತ್ತುವಾಗ. ನಾವು ಹ್ಯಾಂಡಲಿನ ಬಲಗಡೆ ಕೆಂಪು ನೂಲು ಕಟ್ಟಿಕೊಂಡಿದ್ದೆವು. ತುರ್ತಿಗೆ ಮೂರು ನಂಬರ್: ಬೆಂಕಿಗೆ 110, ಪೊಲೀಸರಿಗೆ 112, ಆಂಬುಲೆನ್ಸಿಗೆ 113. ಜೀವಕ್ಕೆ ಅಪಾಯವಿಲ್ಲದ ಕಾಯಿಲೆಗೆ 116117. ನಕ್ಷೆಯನ್ನು ಮೊದಲೇ ಮೊಬೈಲಿಗೆ ಇಳಿಸಿಕೊಳ್ಳಿ, ಘಟ್ಟದ ಮೇಲೆ ಸಿಗ್ನಲ್ಲನ್ನು ನಂಬಬೇಡಿ.

ಲಾರ್ವಿಕ್ ತಲುಪಿದ ಸಂಜೆಯೇ ರೈಲು ಹಿಡಿಯಬೇಡಿ. ಅಲ್ಲಿಯ ಬೀಚ್ ಮರಗಳ ಕಾಡು, ಬಂದರಿನ ದಂಡೆ ನೋಡಿ. ಸುತ್ತಮುತ್ತಲ ಬಂಡೆಗಳು ಬಿಸಿಲಿಗೆ ಬೂದುನೀಲಿಯಾಗಿ ಮಿನುಗುತ್ತವೆ. ಅದು ಲಾರ್ವಿಕೈಟ್, ಊರಿನ ಹೆಸರೇ ಕಲ್ಲಿಗೆ ಬಂದಿದೆ. ನಮ್ಮಲ್ಲಿ ಗ್ರಾನೈಟ್ ಅಂಗಡಿಯವರು ‘ಬ್ಲೂ ಪರ್ಲ್’ ಎಂದು ತೋರಿಸುವ ಕಲ್ಲು ಇದೇ. ತಮ್ಮ ದಂಡೆಯ ಮೇಲೆ ಕೂತು ಅಂಗೈ ಒತ್ತಿ ನೋಡಿ, “ಅಕ್ಕಾ, ಚಿಕ್ಕಮ್ಮನ ಅಡುಗೆಮನೆ ಕಟ್ಟೆ ಇದೇ ಅಲ್ವಾ” ಅಂದ. ಶೂ ಬಿಚ್ಚಿಟ್ಟು ಇಬ್ಬರೂ ನೀರಿಗೆ ಕಾಲು ಇಳಿಬಿಟ್ಟೆವು. ದಾಗಾಲಿಯಲ್ಲಿ ನೋಡಿದ್ದ ನೀರು, ಈಗ ಉಪ್ಪಾಗಿತ್ತು.